ಲಾಲಪ್ಪನ ಮೂರು ಗೈರು

ಲಿಂಗಸುಗೂರು
ಜನವರಿ 6, 1941, ಸೋಮವಾರ

ನಿನ್ನೆ ಸಿಂಧನೂರಿನಲ್ಲಿ ನಮ್ಮ ಟೀಮು ಸೋತಿತು. ಅವರದು ನಾಲ್ಕು ಗೋಲು, ನಮ್ಮದು ಒಂದೂ ಇಲ್ಲ. ಸಿಂಧನೂರಿನವರು ಕಾಳಿನ ಅಂಗಡಿಗಳ ಆಳುಗಳನ್ನು ಕೂಡಿಸಿಕೊಂಡು ಭಾನುವಾರಕ್ಕೊಮ್ಮೆ ಆಡುವವರು. ಅಂಥವರ ಕೈಯಲ್ಲಿ ಸೋತು ಬಂದ ನನ್ನ ಮಗ ಆದಪ್ಪ, ಸ್ನಾನಕ್ಕೆ ನೀರು ಕಾಯಿಸಿಲ್ಲವೆಂದು ಹೆಂಡತಿಯ ಮೇಲೆ ಕೂಗಾಡಿದ. ‘ನಾಕು ಗೋಲ ತಿಂದು ಬಂದವ್ರಿಗೆ ತಣ್ಣೀರ ಸಾಕು’ ಅಂದಳು ಪಾರ್ವತೆಮ್ಮ. ಸೊಸೆ ಅಂದದ್ದು ಸರಿಯೇ. ಅವಳ ಮುಂದೆ ನಾನು ಹಾಗೆ ಹೇಳುವುದಿಲ್ಲ, ಅಷ್ಟೆ.

ಈ ಟೀಮು ನಮ್ಮ ಮನೆಯವರು ಕಟ್ಟಿದ್ದು. ಚಿಕ್ಕಂದಿನಲ್ಲಿ ದಂಡಿನ ಛಾವಣಿಯ ಸಿಪಾಯಿಗಳು ಆಡುವುದನ್ನು ನೋಡಿ ಹಾಕಿ ಕಲಿತವರು ಅವರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಹಾಕಿದ ಮೇಲೆ ಆಟ ಬಲ್ಲವರನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಂಡರು. ಬೆಳಗಿನಿಂದ ನಾಲ್ಕೂವರೆಯವರೆಗೆ ಜಿನ್ನಿನ ಕೆಲಸ, ಆಮೇಲೆ ಮೈದಾನ. ಪಗಾರ ಎರಡಕ್ಕೂ ಸೇರಿ. ಎಂಜಿನ್ ಮನೆಗೆ ಹತ್ತಿದ ಒಂದು ಖೋಲಿಯನ್ನು ಟೀಮಿಗೆಂದು ಬಿಟ್ಟುಕೊಟ್ಟರು. ಬಟ್ಟೆ ಬದಲಿಸುವುದು, ಸ್ಟಿಕ್ಕು ಇಡುವುದು, ಸೋತರೆ ಬೈಸಿಕೊಳ್ಳುವುದು, ಎಲ್ಲ ಅಲ್ಲೇ. ಅದರ ಗೋಡೆಯ ಮೇಲೆ ಅವರು ಹೇಳಿ ನನ್ನ ಕೈಯಿಂದ ಬರೆಸಿದ ಕಾಯಿದೆ ಇದೆ: ‘ಹಾಜರಿಯ ಹೊತ್ತಿಗೆ ಖೋಲಿಯಲ್ಲಿ ಇರದವನು ಗೈರು. ಮೂರು ಸಲ ಗೈರಾದವನ ಹೆಸರು ತೆಗೆಯುವುದು. ಇದಕ್ಕೆ ಮಾಲೀಕನ ಮಗನೂ ಹೊರತಲ್ಲ.’ ಬಳ್ಳಾರಿಯ ಮಿಷನ್ ಶಾಲೆಯಲ್ಲಿ ತಿದ್ದಿದ ಅಕ್ಷರ ನನ್ನದು. ಇನ್ನೂ ಚೆನ್ನಾಗಿ ಕಾಣುತ್ತದಂತೆ.

ಅವರು ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಆದಪ್ಪ ಕಪ್ತಾನ. ಇವತ್ತು ಹಾಜರಿ ಪುಸ್ತಕ ತರಿಸಿ ನೋಡಿದೆ. ದೀಪಾವಳಿಯಿಂದ ಈಚೆಗೆ ಪುಟಗಳು ಖಾಲಿ. ಕಪ್ತಾನನೇ ತಡವಾಗಿ ಹೋಗುವಾಗ ಹೆಸರು ಕರೆಯುವವರು ಯಾರು?

ಫೆಬ್ರುವರಿ ಹದಿನಾರಕ್ಕೆ ರಾಯಚೂರಿನಲ್ಲಿ ಷೀಲ್ಡಿನ ಆಟ. ಹೋದ ವರ್ಷ ಅರ್ಧ ಜನ ಜ್ವರದ ನೆವ ಹೇಳಿ ಉಳಿದರು, ನಾವು ಹೋಗಲೇ ಇಲ್ಲ. ಈ ವರ್ಷವೂ ಹನ್ನೊಂದು ಜನ ಕೂಡಿ ಹೋಗದಿದ್ದರೆ ಟೀಮು ಮುಚ್ಚಿ, ಆ ಖೋಲಿಗೆ ಹತ್ತಿ ತುಂಬಿಸುತ್ತೇನೆಂದು ಆದಪ್ಪನಿಗೆ ಹೇಳಿದ್ದೇನೆ. ಸುಮ್ಮನೆ ಹೇಳಿದ್ದಲ್ಲ. ನನಗೂ ಸಾಕಾಗಿದೆ.

ಜನವರಿ 13, ಸೋಮವಾರ

ಇವತ್ತಿನಿಂದ ಹಾಜರಿ ನಾನೇ ತೆಗೆದುಕೊಳ್ಳುತ್ತೇನೆ. ಸೋಮವಾರ ಮತ್ತು ಗುರುವಾರ. ಎಲ್ಲರೂ ಬಟ್ಟೆ ಬದಲಿಸಿದ ಮೇಲೆ ಹೇಳಿಕಳಿಸಬೇಕೆಂದು ತಾಕೀತು ಮಾಡಿದ್ದೆ. ಟೀಮು ಕಟ್ಟಿದ ಹನ್ನೆರಡು ವರ್ಷಗಳಲ್ಲಿ ಗಂಡಸರು ಇರುವಾಗ ನಾನು ಆ ಖೋಲಿಗೆ ಕಾಲಿಟ್ಟಿದ್ದು ಇದೇ ಮೊದಲು. ಬೆವರು, ಎಣ್ಣೆ, ಹಳೇ ಚರ್ಮದ ವಾಸನೆ. ಒಳಗೆ ನಮ್ಮ ಮನೆಯವರ ಕುರ್ಚಿ ಹಾಗೆಯೇ ಇದೆ. ಕುಳಿತೆ. ಹತ್ತಿಯ ಧೂಳು ಬರುತ್ತದೆಂದು ಬಾಗಿಲು ಮುಂದೆ ಮಾಡಿಸಿದೆ. ಎಂಜಿನ್ನಿನ ಗದ್ದಲ ಎಷ್ಟೆಂದರೆ ಒಂದೊಂದು ಹೆಸರನ್ನೂ ಕೂಗಿ ಕರೆಯಬೇಕು.

ಆದಪ್ಪ ಗೈರು. ಬರೆದೆ.

ಕೊನೆಯ ಹೆಸರು ಲಾಲಪ್ಪನದು. ಎರಡು ಸಲ ಕರೆದೆ. ಉತ್ತರವಿಲ್ಲ. ಎಲ್ಲರ ಮುಖ ನೋಡಿದೆ. ಮುಂದಿನ ಸಾಲಿನಲ್ಲಿ ಆಡುವ ಯಂಕೋಬ ನೆಲ ನೋಡುತ್ತಿದ್ದ. ಗೋಲು ಕಾಯುವ ಮೌಲಾಸಾಬ ಬಾಗಿಲ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದ. ಒಬ್ಬರ ತಪ್ಪನ್ನೊಬ್ಬರು ಮುಚ್ಚಿಡುವುದು ಇವರಿಗೆ ರೂಢಿ. ಗೈರು ಎಂದು ಬರೆದೆ.

ಲಾಲಪ್ಪ ಇಂಥವನೆಂದು ತಿಳಿದಿರಲಿಲ್ಲ. ಅರಳೆಯನ್ನು ಪೆಟ್ಟಿಗೆಗೆ ತುಂಬಿ ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನಲ್ಲಿ ತುಳಿಯುವ ಆಳು, ಕೇರಿಯವನು. ನಡುವಿನಲ್ಲಿ ನಿಂತು ಆಡುವ ಅವನೇ ಟೀಮಿನ ಬೆನ್ನೆಲುಬು ಎಂದು ಅವರು ಹೇಳುತ್ತಿದ್ದರು. ಹನ್ನೆರಡು ವರ್ಷದಿಂದ ಇರುವ ಆಳು ಹೀಗೆ ಮಾಡಿದರೆ ನಿನ್ನೆ ಮೊನ್ನೆ ಬಂದವರು ಏನು ಕಲಿಯಬೇಕು?

ಜನವರಿ 16, ಗುರುವಾರ

ಮತ್ತೆ ಅದೇ. ಆದಪ್ಪ ಇವತ್ತು ಬಂದ, ಹೆಸರುಗಳು ಮುಗಿದ ಮೇಲೆ. ಬಂದದ್ದಕ್ಕೆ ಲೆಕ್ಕವಿಲ್ಲ, ಎರಡನೇ ಗೈರು ಎಂದೆ. ನಕ್ಕ. ಲಾಲಪ್ಪನದೂ ಎರಡು. ‘ಲಾಲಪ್ಪ ಎಲ್ಲಿ?’ ಎಂದು ಕೇಳಿದೆ. ‘ನಿಮಗ ಗೊತ್ತಿಲ್ಲೇನ್ರಿ?’ ಅಂದ ಯಂಕೋಬ. ಇಪ್ಪತ್ತೆರಡು ವರ್ಷದವನು ನನಗೆ ತಿರುಗಿ ಕೇಳುತ್ತಾನೆ! ‘ನನಗ ಗೊತ್ತಿರೂದು ಗ್ವಾಡಿ ಮ್ಯಾಲ ಬರದೈತಿ. ಓದಾಕ ಬಂದ್ರ ಓದು’ ಅಂದೆ.

ಮೊಣಕಾಲು ಬಾತಿದೆ. ಬೆಳಗ್ಗೆ ಮಸ್ಕಿಯಿಂದ ಹತ್ತಿಯ ಗಾಡಿಗಳು ಬಂದವು. ತವರೂರಿನ ಗಾಡಿ ಎಂದರೆ ಮೊದಲೆಲ್ಲ ಎದ್ದು ಹೋಗಿ ನೋಡುತ್ತಿದ್ದೆ. ಇವತ್ತು ಕುಳಿತಲ್ಲಿಂದಲೇ ಕೈ ಮಾಡಿದೆ.

ಜನವರಿ 20, ಸೋಮವಾರ

ಮೂರನೇ ಗೈರು. ಲಾಲಪ್ಪನ ಹೆಸರಿನ ಮೇಲೆ ಗೆರೆ ಎಳೆದೆ. ಮೈದಾನಕ್ಕೆ ಚೀಟಿ ಕಳಿಸಿದೆ: ಇವತ್ತಿನಿಂದ ಅವನು ಆಡುವಂತಿಲ್ಲ, ಪ್ರೆಸ್ಸಿನ ಕೆಲಸ ಮಾತ್ರ, ಇಡೀ ದಿನ. ಚೀಟಿ ಒಯ್ದವನು ಬಂದು ಹೇಳಿದ: ಲಾಲಪ್ಪ ಸ್ಟಿಕ್ಕನ್ನು ಯಂಕೋಬನ ಕೈಗೆ ಕೊಟ್ಟು ಹೋದನಂತೆ.

ಆದಪ್ಪ ಇವತ್ತು ಸರಿಯಾದ ಹೊತ್ತಿಗೆ ಬಂದಿದ್ದ. ಬಂದದ್ದರಿಂದ ಉಳಿದ. ಇಲ್ಲದಿದ್ದರೆ ಅವನ ಹೆಸರೂ ತೆಗೆಯುತ್ತಿದ್ದೆ. ತೆಗೆಯುತ್ತಿದ್ದೆ ಎಂದೇ ನನ್ನ ನಂಬಿಕೆ.

ಜನವರಿ 22, ಬುಧವಾರ

ಊಟದ ಹೊತ್ತಿಗೆ ಆದಪ್ಪ ತಟ್ಟೆ ಸರಿಸಿಟ್ಟು ಕುಳಿತ.

‘ಯವ್ವಾ, ನೀ ಇದನ್ನ ನನ್ನ ಸಲುವಾಗಿ ಮಾಡೀಯೇನ?’

‘ಯಾವುದನ್ನ?’

‘ಲಾಲಪ್ಪನ್ನ ತಗದಿದ್ದು. ಎಲ್ಲಾರು ಹಂಗ ಅನ್ನಾಕತ್ತಾರ ಬೇ. ಮಗನ ಕಪ್ತಾನಕಿ ಉಳೀಲಿ ಅಂತ ಅವ್ವ ಅವನ ಕಾಲು ಕಡದ್ಲು ಅಂತ.’

‘ನಿನ್ನ ಕಪ್ತಾನಕಿಗೂ ಅವನ ಗೈರಿಗೂ ಏನು ಸಂಬಂಧ?’

‘ಆಟದಾಗ ಚೆಂಡು ಸಿಕ್ಕ ಕೂಡಲೆ ಎಲ್ಲಾರು ಯಾರ ಮಾರಿ ನೋಡ್ತಾರ ಗೊತ್ತೇನು? ನನ್ನ ಮಾರಿ ಅಲ್ಲ. ಅಪ್ಪ ಇದ್ದಾಗ್ಲೂ ಅಲ್ಲ. ಸೋತ ದಿನ ನಾ ಸಿಟ್ಟಿಗೆದ್ದು ಮನಿಗೆ ಬರ್ತೀನಿ. ಅವ ಅಲ್ಲೇ ಕುಂತು ಒಬ್ಬೊಬ್ಬಗ ಎಲ್ಲಿ ತಪ್ಪೇತಿ ಅಂತ ತಿಳಿಸಿ ಹೇಳ್ತಾನ.’

‘ಹಂಗಾದ್ರ ಹಾಜರಿಗೆ ಯಾಕ ಬರಲಿಲ್ಲ, ಅಷ್ಟು ದೊಡ್ಡ ಮನಷ್ಯಾ?’

ಆದಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಯಾರೋ ಪರಕೀಯಳನ್ನು ನೋಡಿದ ಹಾಗೆ. ‘ನಿನ್ನ ಕೂಡ ಮಾತಾಡೂದು ಬ್ಯಾಡ’ ಅಂದು ಕೈ ತೊಳೆದ. ನಾನೂ ಮಾತು ಬೆಳೆಸಲಿಲ್ಲ. ಹೆತ್ತ ಮಗನ ಬಾಯಿಂದ ಇಂಥ ಆಪಾದನೆ ಕೇಳಬೇಕಾಯಿತು. ಅವನು ಕಪ್ತಾನನಾಗಿ ಉಳಿಯಲೆಂದು ನನಗೆ ಆಸೆಯಿಲ್ಲವೆಂದಲ್ಲ. ಆಸೆಯಿದೆ. ಮನೆತನದ ಟೀಮು, ಮನೆಯ ಮಗ. ಆದರೆ ಅದಕ್ಕಾಗಿ ಸುಳ್ಳು ಗೈರು ಬರೆಯುವವಳಲ್ಲ ನಾನು.

ಜನವರಿ 27, ಸೋಮವಾರ

ಇವತ್ತಿನ ಅಪಮಾನವನ್ನು ಬರೆಯದೆ ಮಲಗಲಾರೆ.

ನಾಲ್ಕೂವರೆಗೆ ಹೋದೆ. ಖೋಲಿ ಖಾಲಿ. ಗೂಟಗಳ ಮೇಲೆ ಒಂದು ಅಂಗಿಯೂ ಇಲ್ಲ, ಮೂಲೆಯಲ್ಲಿ ಸ್ಟಿಕ್ಕುಗಳಿಲ್ಲ. ಕುರ್ಚಿಯಲ್ಲಿ ಕುಳಿತು ಕಾದೆ. ಹತ್ತು ನಿಮಿಷವಾದ ಮೇಲೆ ಎದ್ದು ಬಾಗಿಲು ತೆಗೆದೆ. ಹೊರಗೆ ಗೋಡೆಯ ಬದಿಗೆ, ಬಿಸಿಲಿನಲ್ಲಿ, ಎಲ್ಲರೂ ಸಾಲಾಗಿ ನಿಂತಿದ್ದರು. ಆಡುವ ಬಟ್ಟೆ ಹಾಕಿಕೊಂಡೇ ನಿಂತಿದ್ದರು. ಲಾಲಪ್ಪ ಇರಲಿಲ್ಲ, ಅವನು ಪ್ರೆಸ್ಸಿನಲ್ಲಿದ್ದ. ಸಾಲಿನ ಕೊನೆಯಲ್ಲಿ ಆದಪ್ಪನೂ ನಿಂತಿದ್ದ. ಯಾವತ್ತೂ ಹೊತ್ತಿಗೆ ಬರದವನು, ಇದಕ್ಕೆ ಬಂದಿದ್ದ.

‘ಒಳಗ ಬರ್ರಿ’ ಅಂದೆ.

‘ಇಲ್ಲೇ ಹಾಜರ್ ಅದೀವ್ರಿ’ ಅಂದ ಯಂಕೋಬ.

‘ಕಾಯಿದೆ ಗೊತ್ತಿಲ್ಲೇನು? ಖೋಲಿಯಾಗ ಇಲ್ದವ್ರು ಗೈರು.’

‘ಹಂಗಿದ್ರ ಬರಕೊಳ್ರಿ ಅವ್ವಾರ. ಹತ್ತೂ ಮಂದಿ ಗೈರು.’

ಮೌಲಾಸಾಬ ಬಾಯಿಗೆ ಕೈ ಅಡ್ಡ ಹಿಡಿದ. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ನಾನು ಒಳಗೆ ಹೋಗಿ ಕುಳಿತೆ. ಒಂದೊಂದೇ ಹೆಸರು ಓದಿದೆ, ಒಂದೊಂದಕ್ಕೂ ಗೈರು ಬರೆದೆ. ಖಾಲಿ ಖೋಲಿಯಲ್ಲಿ ಹೆಸರು ಕೂಗುವ ಮುದುಕಿಯನ್ನು ಗೋಡೆಯಾಚೆ ನಿಂತು ಕೇಳಿಸಿಕೊಂಡರೋ ಇಲ್ಲವೋ. ಎಂಜಿನ್ನು ಓಡುತ್ತಿತ್ತು. ಅವರು ಹಾಜರ್ ಅಂದರೋ ಏನೋ, ನನಗಂತೂ ಏನೂ ಕೇಳಿಸಲಿಲ್ಲ.

ಪಗಾರ ಏರಿಸಿಕೊಳ್ಳಲು ಹೂಡಿದ ಆಟ ಇದು. ಸುಗ್ಗಿಯ ಹೊತ್ತು ನೋಡಿ ಹೂಡಿದ್ದಾರೆ. ಮಣಿಯುವುದಿಲ್ಲ.

ಜನವರಿ 29, ಬುಧವಾರ

ರಾಯಚೂರಿನ ಎಣ್ಣೆ ಗಿರಣಿಯೊಂದರ ಮನುಷ್ಯ ಎರಡು ದಿನದಿಂದ ಬಸ್ ನಿಲ್ಲುವ ಕಡೆ ಕುಳಿತಿದ್ದಾನಂತೆ. ಅವರಿಗೂ ಟೀಮು ಇದೆ. ಲಾಲಪ್ಪನನ್ನು ಕೇಳುತ್ತಿದ್ದಾನಂತೆ. ಎಂಜಿನ್ ನೋಡುವ ದ್ಯಾವಪ್ಪ ಬಂದು ಹೇಳಿದ. ‘ಅವ ಹೋದ್ರ ಉಳದವ್ರೂ ಹಿಂದಿಂದ ಹೋಗ್ತಾರ್ರಿ. ಆಮ್ಯಾಲ ಖೋಲಿಗೆ ಹತ್ತಿ ತುಂಬೂದಾ.’

ಹೋಗಲಿ ಅಂದೆ. ಅಂದ ಮೇಲೆ ನಮ್ಮ ಮನೆಯವರ ಕುರ್ಚಿಯನ್ನು ಎಲ್ಲಿ ಇಡಿಸುವುದೆಂದು ಯೋಚಿಸುತ್ತಾ ಕುಳಿತೆ. ಮನೆಯಲ್ಲಿ ಜಾಗವಿಲ್ಲ.

ಫೆಬ್ರುವರಿ 1, ಶನಿವಾರ

ರಹೀಮಾಬೀ ನಮ್ಮ ಜಿನ್ನಿನಲ್ಲಿ ಅರಳೆ ಆರಿಸುವವಳು, ಮೌಲಾಸಾಬನ ತಾಯಿ. ನನ್ನದೇ ವಯಸ್ಸು. ಗಂಡ ತೀರಿದ ವರ್ಷವೂ ಹೆಚ್ಚುಕಡಿಮೆ ಒಂದೇ. ಇವತ್ತು ಅವಳು ಆರಿಸುವ ಜಾಗಕ್ಕೆ ಹೋಗಿ, ನಿನ್ನ ಮಗನಿಗೆ ಬುದ್ಧಿ ಹೇಳು ಅಂದೆ. ಅವಳು ಕಸ ಆರಿಸುವ ಕೈ ನಿಲ್ಲಿಸಲಿಲ್ಲ.

‘ನಂದು ಮುದುಕಿ ಬಾಯಿ, ಏನರ ಅಂದ್ರ ಸಿಟ್ಟಿಗೇಳಬ್ಯಾಡ್ರಿ. ಲಾಲಪ್ಪ ಯಾವಾಗ ಗೈರಾದ?’

‘ಮೂರು ಸಲ. ನಾನಾ ಬರದೀನಿ.’

‘ಆ ಖೋಲಿಯಾಗ ಅವ ಎಂದರ ಕಾಲಿಟ್ಟಾನೇನ್ರಿ?’

ಪ್ರಶ್ನೆ ತಿಳಿಯಲಿಲ್ಲ ಎಂದೇ ಅಂದುಕೊಂಡೆ.

‘ಕೇರಿ ಮನಷ್ಯಾ ಅದಾನ್ರಿ. ನೀವು ಒಳಗ ಬಿಡ್ತೀರೇನು? ಹನ್ನೆರಡು ವರ್ಷ ಆತು, ಅವ ಬಟ್ಟಿ ಬದಲಿ ಮಾಡೂದು ಗ್ವಾಡಿ ಹೊರಗ. ಮಳಿ ಬಂದ್ರೂ ಅಲ್ಲೇ. ಮಾಲೀಕರು ಹೊಸ್ತಿಲ ಮ್ಯಾಲ ನಿಂತು, ಒಂದ್ಸಲ ಒಳಗ ಮಾರಿ ಮಾಡಿ, ಒಂದ್ಸಲ ಹೊರಗ ಮಾರಿ ಮಾಡಿ ಹೆಸರು ಕರೀತಿದ್ರು. ಇವ ಹೊರಗಿಂದ ಹಾಜರ್ ಅಂತಿದ್ದ. ನೀವು ಬಂದ್ರಿ, ನಡು ಖೋಲಿಯಾಗ ಕುರ್ಚಿ ಹಾಕ್ಕೊಂಡ್ರಿ, ಬಾಗಲ ಮುಚ್ಚಿದ್ರಿ.’

‘ಅಂದ್ರ ಅವ...’

‘ಮೂರು ದಿನಾನೂ ಹಾಜರ್ ಅಂದಾನ್ರಿ. ಕೂಗಿ ಅಂದಾನ. ಮೂರನೇ ದಿನ ಎಷ್ಟು ಜೋರಾಗಿ ಕೂಗಿದ ಅಂದ್ರ, ಇಲ್ಲಿ ಅರಳಿ ಆರಿಸಾಕತ್ತ ನನಗ ಕೇಳಿಸ್ತು. ನಿಮಗ ಕೇಳಲಿಲ್ಲ. ನೀವು ಬೇಕಂತ ಮಾಡೀರಿ ಅಂತ ಎಲ್ಲಾರು ತಿಳ್ಕೊಂಡಾರ. ನನಗ ಅಷ್ಟು ಖಾತ್ರಿ ಇರಲಿಲ್ಲ. ಈಗ ನಿಮ್ಮ ಮಾರಿ ನೋಡಿದ ಮ್ಯಾಲ ತಿಳೀತು.’

‘ಒಬ್ಬರರ ನನಗ ಹೇಳಬಾರದಾಗಿತ್ತೇನು?’

ಆಗ ಅವಳ ಕೈ ನಿಂತಿತು. ‘ನಿಮಗ?’ ಅಂದಳು. ‘ನಿಮಗ ಯಾರು ಹೇಳ್ತಾರ್ರಿ, ಅವ್ವಾರ?’ ಮತ್ತೆ ಅರಳೆ ಆರಿಸತೊಡಗಿದಳು.

ಮನೆಗೆ ಬಂದು ಹಾಜರಿ ಪುಸ್ತಕ ತೆಗೆದೆ. ಮೂರು ಗೈರು, ನನ್ನ ದುಂಡು ಅಕ್ಷರ. ಅವನು ಒಳಗೆ ಬರುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲವೇ? ನಮ್ಮ ಮನೆಯ ಹಿತ್ತಿಲ ಬಾಗಿಲಿನಾಚೆ ನಿಂತು ಹಬ್ಬದ ಊಟ ಒಯ್ಯುವವನು ಅವನು. ಗೊತ್ತಿತ್ತು. ಗೊತ್ತಿದ್ದದ್ದನ್ನು ಹೆಸರು ಕರೆಯುವ ಹೊತ್ತಿಗೆ ನೆನಸಲಿಲ್ಲ. ಇದಕ್ಕಿಂತ ಬೇರೆ ಸಮಜಾಯಿಷಿ ನನ್ನ ಬಳಿ ಇಲ್ಲ.

ಫೆಬ್ರುವರಿ 2, ಭಾನುವಾರ

ಬರೆಯಲು ಮನಸ್ಸಿಲ್ಲ.

ಫೆಬ್ರುವರಿ 4, ಮಂಗಳವಾರ

ಪ್ರೆಸ್ಸಿನ ಮನೆಗೆ ಹೋದೆ. ನಿನ್ನೆಯೇ ಹೋಗಬೇಕೆಂದಿದ್ದೆ. ನಿನ್ನೆ ಎರಡು ಸಲ ಹೊರಟು ಎರಡು ಸಲವೂ ತಿರುಗಿ ಬಂದೆ. ಅವನನ್ನೇ ಕರೆಸೋಣವೆಂದುಕೊಂಡೆ. ಕರೆಸಿದರೆ ನಾನು ಕುಳಿತಿರುತ್ತೇನೆ, ಅವನು ನಿಂತಿರುತ್ತಾನೆ. ಅದು ಬೇಡವೆನಿಸಿತು.

ಲಾಲಪ್ಪ ಪೆಟ್ಟಿಗೆಯೊಳಗೆ ಇಳಿದು ಅರಳೆ ತುಳಿಯುತ್ತಿದ್ದ. ಹುಬ್ಬಿನ ತನಕ ಬಿಳಿ ಹತ್ತಿಕೊಂಡಿತ್ತು. ನನ್ನನ್ನು ಕಂಡು ಉಳಿದ ಆಳುಗಳು ದೂರ ಸರಿದರು. ಅವನು ಮೇಲೆ ಹತ್ತಿ ಬಂದು ಕೈಕಟ್ಟಿ ನಿಂತ.

‘ಲಾಲಪ್ಪ’ ಅಂದೆ.

‘ಹಾಜರ್ ಅಂತ ಅನ್ನಬೇಕಂದ್ರ ನನ್ನ ಹೆಸರು ಪುಸ್ತಕದಾಗ ಇಲ್ಲಲ್ರಿ, ಅವ್ವಾರ.’

ಕುಹಕವಿರಲಿಲ್ಲ. ಮಾತಿದ್ದ ಹಾಗೇ ಆಡಿದ. ಹೊರಗೆ ನಿಂತು ಹಾಜರ್ ಅಂದದ್ದು ನನಗೆ ಕೇಳಿಸಲಿಲ್ಲವೆಂದೆ. ತಲೆ ಆಡಿಸಿದ. ಹೆಸರು ಮತ್ತೆ ಬರೆಯುತ್ತೇನೆ, ಗುರುವಾರದಿಂದ ಆಡಲು ಬಾ ಅಂದೆ.

‘ಪುಸ್ತಕ ಓದಾಕ ನಮ್ಮ ಕೇರ‍್ಯಾಗ ಯಾರಿಗೆ ಬರ್ತೈತ್ರಿ? ಬರದ್ರೂ ಅಷ್ಟಾ, ಬಿಟ್ರೂ ಅಷ್ಟಾ.’

‘ಮತ್ತೇನು ಬೇಕು? ರಾಯಚೂರಿನವ ಎಷ್ಟು ಕೊಡ್ತೀನಂದಾನ?’

‘ಅದಲ್ರಿ.’ ಮುಖದ ಮೇಲಿನ ಹತ್ತಿ ಒರೆಸಿಕೊಂಡ. ‘ಈ ಪ್ರೆಸ್ಸಿನ್ಯಾಗ ನನ್ನ ಕಾಲು ನಿಂತಿದ್ದು ಯಾರೂ ನೋಡಿಲ್ಲ. ಅಪ್ಪ ಸತ್ತ ದಿನಾನೂ ಮಣ್ಣು ಮಾಡಿ ಬಂದು ಆಟಕ್ಕ ನಿಂತೀನಿ. ಈಗ ಕೇರ‍್ಯಾಗ ನನ್ನ ಮಕ್ಕಳಿಗೆ ಅಂತಾರ, ನಿಮ್ಮಪ್ಪ ಮೈಗಳ್ಳ, ಅದಕ್ಕಾ ತಗದು ಒಗದ್ರು ಅಂತ. ಆ ಮಾತು ತಗೀರಿ. ಎಲ್ಲಾರ ಮುಂದ, ಬಾಯಿಲೆ ಹೇಳ್ರಿ. ಆಮ್ಯಾಲ ಬರ್ತೀನಿ. ಇಲ್ಲಂದ್ರ ರಾಯಚೂರಿಗೆ ಹೋಗ್ತೀನಿ. ಅಲ್ಲಿಯವ್ರಿಗೆ ನಾ ಯಾರು ಅಂತರ ಗೊತ್ತಿಲ್ಲ.’

ವಿಚಾರ ಮಾಡುತ್ತೇನೆ ಅಂದೆ. ಮತ್ತೆ ಪೆಟ್ಟಿಗೆಗೆ ಇಳಿದ. ನಾನು ಬಾಗಿಲು ದಾಟುವ ಮೊದಲೇ ಅವನ ಕಾಲಿನ ಸಪ್ಪಳ ಕೇಳಿಸಿತು.

ಇಷ್ಟು ವರ್ಷ ಯಾರಿಗೂ ತಪ್ಪಾಯಿತೆಂದು ಹೇಳಿದವಳಲ್ಲ ನಾನು. ಹೇಳುವಂಥ ಸಂದರ್ಭ ಬಂದಿರಲಿಲ್ಲವೆಂದು ಬರೆಯಲು ಹೊರಟಿದ್ದೆ. ಬಂದಿತ್ತೇನೋ. ಯಾರೂ ನನ್ನ ಗಮನಕ್ಕೆ ತಂದಿರಲಿಕ್ಕಿಲ್ಲ.

ಫೆಬ್ರುವರಿ 6, ಗುರುವಾರ

ನಾಲ್ಕೂವರೆಗೆ ಎಂಜಿನ್ ನಿಲ್ಲಿಸಲು ಹೇಳಿದೆ. ದ್ಯಾವಪ್ಪ ಗಾಬರಿಯಾದ. ‘ಸುಗ್ಗ್ಯಾಗ ಎಂಜಿನ್ ನಿಲ್ಲಸ್ತಾರೇನ್ರಿ? ಮತ್ತ ಚಾಲೂ ಆಗಬೇಕಂದ್ರ ನನ್ನ ಭುಜ ಕಿತ್ತು ಹೋಗ್ತೈತಿ.’ ಹೋದರೆ ಹೋಗಲಿ, ನಿಲ್ಲಿಸು ಅಂದೆ. ನಿಂತಿತು. ಇಡೀ ಜಿನ್ನು ಒಮ್ಮೆಲೇ ಮೂಕಾಯಿತು. ಅರಳೆ ಆರಿಸುವ ಹೆಂಗಸರು, ಪ್ರೆಸ್ಸಿನ ಆಳುಗಳು, ಗಾಡಿಯವರು, ಎಲ್ಲರೂ ಏನಾಯಿತೆಂದು ಹೊರಗೆ ಬಂದರು. ಟೀಮಿನ ಹತ್ತು ಜನ ಗೋಡೆಯ ಬದಿಗೆ ನಿಂತಿದ್ದರು. ಲಾಲಪ್ಪ ಪ್ರೆಸ್ಸಿನ ಬಾಗಿಲಲ್ಲಿದ್ದ.

ಖೋಲಿಯ ಹೊಸ್ತಿಲ ಮೇಲೆ ನಿಂತು ಹೇಳಿದೆ. ನೆನಪಿಗಿರಲೆಂದು ಹೇಳಿದ್ದನ್ನೇ ಬರೆಯುತ್ತೇನೆ: ‘ಲಾಲಪ್ಪ ಮೂರು ದಿನಾನೂ ಹಾಜರಿದ್ದ. ಅವ ಹೊರಗ ನಿಂತಿದ್ದ, ನಾ ಒಳಗ ಕುಂತು ಗೈರು ಬರದೆ. ಅವಂದು ಏನೂ ತಪ್ಪಿಲ್ಲ. ತಪ್ಪು ನಂದು.’ ಕೊನೆಯ ಮಾತೂ ಕೇಳಿಸುವಷ್ಟು ಜೋರಾಗಿಯೇ ಬಂತು.

ಇಷ್ಟಕ್ಕೇ ಬಿಡಬಹುದಿತ್ತು. ಲಾಲಪ್ಪ ಕೇಳಿದ್ದೂ ಇಷ್ಟೇ. ಆದರೆ ಬರುವ ಸೋಮವಾರ ಮತ್ತೆ ಹಾಜರಿ ಬರುತ್ತದೆ, ಅವನು ಮತ್ತೆ ಹೊರಗೇ ನಿಲ್ಲುತ್ತಾನೆ. ನನಗೆ ದಣಿವಾಗಿತ್ತು. ಇನ್ನೊಂದು ಸಲ ಇದನ್ನೆಲ್ಲ ಮಾಡುವ ಶಕ್ತಿ ಇರಲಿಲ್ಲ. ಹೊಸ್ತಿಲಿನಿಂದ ಸರಿದು ‘ಒಳಗ ಬಾ’ ಅಂದೆ.

ಗಾಡಿಯವರಲ್ಲಿ ಒಬ್ಬ ಏನೋ ಅಂದ. ಆದಪ್ಪ ತಿರುಗಿ ನೋಡಿದ್ದಕ್ಕೆ ಸುಮ್ಮನಾದ. ಲಾಲಪ್ಪ ಬಾಗಿಲ ತನಕ ಬಂದು ನಿಂತ. ಬಗ್ಗಿ ಕಾಲ್ಮರಿ ಬಿಚ್ಚತೊಡಗಿದ.

‘ಕಾಲ್ಮರಿ ಯಾಕ ಬಿಡ್ತೀಯೋ ಮಾವ?’ ಅಂದ ಯಂಕೋಬ. ‘ಇದೇನು ಗುಡಿಯೇನು? ಒಳಗ ಮೌಲಾನ ಕಾಲಚೀಲ ಬಿದ್ದಾವ. ಬರೀ ಕಾಲ್ಲೆ ಹೋದ್ರ ನಿನಗಾ ಮೈಲಿಗಿ!’

‘ನಿನ್ನ ಅಂಗಿ ಮೂಸಿ ಮಾತಾಡಲೇ’ ಅಂದ ಮೌಲಾಸಾಬ.

ಲಾಲಪ್ಪ ಕಾಲ್ಮರಿ ಮೆಟ್ಟಿಕೊಂಡೇ ಒಳಗೆ ಬಂದ. ಸುತ್ತ ನೋಡಿದ. ಗೂಟ, ಗೋಡೆಯ ಬರಹ, ಕುರ್ಚಿ, ಮಾಡು.

‘ಇಷ್ಟ ಸಣ್ಣದೇನ್ರಿ ಇದು?’ ಅಂದ. ‘ಹನ್ನೆರಡು ವರ್ಷ ಹೊರಗಿಂದ ಕೇಳಿ ಕೇಳಿ, ದರ್ಬಾರಿನಷ್ಟು ದೊಡ್ಡದೈತಿ ಅಂತ ತಿಳ್ಕೊಂಡಿದ್ದೆ.’

ಎಲ್ಲರೂ ಒಮ್ಮೆಲೇ ನಕ್ಕರು. ನಗುತ್ತಲೇ ಒಬ್ಬರನ್ನೊಬ್ಬರು ನೂಕಿಕೊಂಡು ಒಳಗೆ ಬಂದರು. ಹನ್ನೊಂದು ಜನ ನಿಂತರೆ ನಿಜಕ್ಕೂ ಕಾಲಿಡಲು ಜಾಗವಿಲ್ಲ. ನಾನು ಪುಸ್ತಕ ಬಿಚ್ಚಿ ಹೆಸರು ಓದಲು ಹೊರಟೆ. ಆದಪ್ಪ ಪುಸ್ತಕದ ಮೇಲೆ ಕೈಯಿಟ್ಟ.

‘ಹಾಜರಿ ಕಪ್ತಾನ ತಗೋಬೇಕು. ಲಾಲಪ್ಪ, ನೀ ಕರಿ.’

ಎಲ್ಲರೂ ನನ್ನ ಮುಖ ನೋಡಿದರು. ನನ್ನನ್ನು ಒಂದು ಮಾತು ಕೇಳದೆ ಮನೆಯ ಕಪ್ತಾನಕಿಯನ್ನು ಕೊಟ್ಟುಬಿಟ್ಟ. ಒಳಗೆ ಏನೋ ಕಿತ್ತಂತಾಯಿತು, ಸುಳ್ಳು ಹೇಳಲಾರೆ. ‘ಅವಗ ಓದಾಕ ಬರೂದಿಲ್ಲ’ ಅಂದೆ. ಆ ಹೊತ್ತಿಗೆ ನನಗೆ ಹೊಳೆದದ್ದು ಅಷ್ಟೇ.

‘ಬಾಯಿಲೆ ಬರ್ತೈತ್ರಿ’ ಅಂದ ಲಾಲಪ್ಪ. ಯಾರ ಹೆಸರೂ ಬಿಡದೆ, ಪುಸ್ತಕದಲ್ಲಿದ್ದ ಸಾಲಿನಲ್ಲೇ, ಹನ್ನೊಂದೂ ಹೆಸರು ಕರೆದ. ಕೊನೆಯಲ್ಲಿ ತನ್ನದನ್ನೂ ಕರೆದು ತಾನೇ ಹಾಜರ್ ಅಂದ. ಯಂಕೋಬ ಬರೆದುಕೊಂಡ. ಅವನ ಅಕ್ಷರ ಕೋಳಿ ಕೆದರಿದ ಹಾಗಿದೆ.

ಫೆಬ್ರುವರಿ 8, ಶನಿವಾರ

ಎದುರು ಮನೆಯ ಬಸ್ಸಮ್ಮ ಎರಡು ದಿನದಿಂದ ಬಂದಿಲ್ಲ. ಇಪ್ಪತ್ತು ವರ್ಷದಿಂದ ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡವಳು. ಇವತ್ತು ಕಂಡರೂ ಸೆರಗು ಎಳೆದುಕೊಂಡು ಒಳಗೆ ಹೋದಳು. ಪಾರ್ವತೆಮ್ಮ ನನಗೆ ಬೇಸರವಾಗಿದೆಯೆಂದು ತಿಳಿದು ತಾನೇ ಬಂದು ಕುಳಿತಳು. ಸೊಸೆಗೆ ಮಾತು ಕಡಿಮೆ. ಅದೂ ಒಂದು ಸಮಾಧಾನ.

ಫೆಬ್ರುವರಿ 10, ಸೋಮವಾರ

ಆದಪ್ಪ ತಡ ಮಾಡಿದ್ದಕ್ಕೆ ಲಾಲಪ್ಪ ಅವನಿಗೆ ಗೈರು ಹಾಕಿಸಿದನಂತೆ. ಎಲ್ಲರೂ ಹೊರಗೆ ನಿಂತ ದಿನದ್ದನ್ನು ಬಿಟ್ಟರೂ, ಮೊದಲಿನ ಎರಡು ಕೂಡಿ ಮೂರು. ಕಾಯಿದೆಯ ಪ್ರಕಾರ ಹೆಸರು ತೆಗೆಯಬೇಕು. ಲಾಲಪ್ಪ ಮನೆಗೆ ಬಂದು ಹಿತ್ತಿಲ ಕಡೆ ನಿಂತ. ಮುಂದಿನ ಬಾಗಿಲಿಗೆ ಬರಹೇಳಿದೆ.

‘ಏನು ಮಾಡ್ಲಿ ಅಂತ ಕೇಳಾಕ ಬಂದೀಯೇನು?’

‘ಇಲ್ರಿ. ಮಾಡಿದ್ದು ಹೇಳಾಕ ಬಂದೀನಿ. ಹಳೇವು ಹತ್ತೂ ಮಂದೀವು ತಗದು, ಹೊಸದಾಗಿ ಶುರು ಮಾಡೀನಿ. ಆದಪ್ಪನವ್ರದು ಈಗ ಒಂದು. ಇನ್ನೆರಡಾದ್ರ ತಗೀತೀನಿ.’

‘ನನ್ನ ಮಗ ಅಂತ ನೋಡಬ್ಯಾಡ.’

‘ನೋಡಿಲ್ರಿ’ ಅಂದ.

ಫೆಬ್ರುವರಿ 17, ಸೋಮವಾರ

ರಾಯಚೂರಿನಿಂದ ಬಸ್ಸಿನಲ್ಲಿ ನಿನ್ನೆ ರಾತ್ರಿಯೇ ಬಂದರು. ಹನ್ನೊಂದು ಜನವೂ ಹೋಗಿದ್ದರು. ಎರಡು ಗೋಲಿಗೆ ಒಂದು, ಸೋತರು. ಆ ಒಂದನ್ನು ಹೊಡೆದವನು ಆದಪ್ಪ. ಕಪ್ತಾನಕಿ ಹೆಗಲ ಮೇಲಿಲ್ಲದಿದ್ದರೆ ಓಡುವುದು ಹಗುರಾಗಿರುತ್ತದೆ ಅಂದ. ಸೋತ ಮೇಲೆ ಕೂಡಲೇ ಎದ್ದು ಬರದೆ ಅಲ್ಲೇ ಕುಳಿತು ಲಾಲಪ್ಪನಿಂದ ಬೈಸಿಕೊಂಡನಂತೆ. ಆಮೇಲೆ ಎಲ್ಲರ ಸ್ಟಿಕ್ಕನ್ನೂ ಕಟ್ಟಿ ಬಸ್ಸಿನ ಮೇಲೆ ಏರಿಸಿದವನೂ ಅವನೇ ಎಂದು ಯಂಕೋಬ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಬೇಸರವೂ ಆಗಲಿಲ್ಲ. ನಿದ್ದೆ ಬಂತು.

ಖೋಲಿಗೆ ಹತ್ತಿ ತುಂಬಿಸುವುದಿಲ್ಲ. ದ್ಯಾವಪ್ಪನಿಗೆ ಹೇಳಿದೆ.

ಫೆಬ್ರುವರಿ 20, ಗುರುವಾರ

ಎಣ್ಣೆ ಗಿರಣಿಯವರು ಆಟ ಮುಗಿದ ಮೇಲೂ ಲಾಲಪ್ಪನನ್ನು ಬಿಡಲಿಲ್ಲವಂತೆ. ಇರಲು ಮನೆ, ಹೆಚ್ಚಿನ ಪಗಾರ, ಎಲ್ಲ ಹೇಳಿದ್ದರಂತೆ. ಇವನು ಬಸ್ ಹತ್ತಿ ಬಂದ. ಇವತ್ತು ಜಿನ್ನಿನ ಅಂಗಳದಲ್ಲಿ ಸಿಕ್ಕಾಗ ಕೇಳಿದೆ, ಯಾಕೆ ಹೋಗಲಿಲ್ಲ ಎಂದು.

‘ಯಂಕೋಬಗ ಇನ್ನೂ ಎಡಕ್ಕ ಚೆಂಡು ತಿರುಗಿಸಾಕ ಬರೂದಿಲ್ರಿ. ಎರಡನೇ ಗೋಲು ಅದಕ್ಕಾ ತಿಂದ್ವಿ. ಮೌಲಾ ಕೆಳಗಿಂದು ಹಿಡೀತಾನ, ಮ್ಯಾಲಿಂದು ಬಿಡ್ತಾನ. ನಡಬರಕ ಬಿಟ್ಟು ಹ್ಯಾಂಗ ಹೋಗೂದು?’

ಇನ್ನೂ ಏನೇನೋ ಹೇಳಿದ, ಎಲ್ಲ ಆಟದ್ದೇ. ನನ್ನ ಮಾತು, ನಾನು ಹೊಸ್ತಿಲ ಮೇಲೆ ನಿಂತು ಆಡಿದ ಮಾತು, ಎಲ್ಲಾದರೂ ಒಂದು ಕಡೆ ಬಂದೀತೆಂದು ಕಾದೆ. ಬರಲಿಲ್ಲ. ಬರಬೇಕಾದದ್ದೂ ಇಲ್ಲ. ಅವನು ಹೋಗಬೇಕೆಂದು ಹೊರಟಾಗ, ಸೋಮವಾರ ಹಾಜರಿಯ ಹೊತ್ತಿಗೆ ನಾನು ಬರಬೇಕೇನು ಎಂದು ಕೇಳಿದೆ.

ಸ್ವಲ್ಪ ಯೋಚಿಸಿದ. ‘ನಿಮಗ ಬ್ಯಾರೆ ಕೆಲಸಿದ್ರ ಬ್ಯಾಡ್ರಿ’ ಅಂದ.

ಕೆಲಸವಿದೆ ಅಂದೆ.